ಸ್ಕೂಟರ್ ಗ್ಯಾರೇಜಿನ ಸಂಗೀತ

ಈ ಲೇಖನವನ್ನು ಬರೆಯುತ್ತಿರುವ ಕೈ ಒಂದೇ ಆದರೂ ಇದರಲ್ಲಿ ಬರುವ ನೆನಪು ನಾಲ್ವರದು. ಆದ್ದರಿಂದ 'ನಾವು' ಎಂಬ ಬಹುವಚನವನ್ನು ವಾಚಕರು ದೊಡ್ಡಸ್ತಿಕೆಯೆಂದು ಭಾವಿಸಬಾರದಾಗಿ ವಿನಂತಿ. ಕೇಂದ್ರ ಸರ್ಕಾರದ ಗುಮಾಸ್ತನಿಗೆ ದೊಡ್ಡಸ್ತಿಕೆ ಎಲ್ಲಿಂದ ಬರಬೇಕು?

ನಾವು ನಾಲ್ವರೂ ದೆಹಲಿಯ ರಾಮಕೃಷ್ಣಪುರದ, ಅಂದರೆ ಎಲ್ಲರೂ ಆರ್.ಕೆ. ಪುರಂ ಎನ್ನುವ ಬಡಾವಣೆಯ, ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬೆಳೆದವರು. ನಾಲ್ವರ ತಂದೆಯರೂ ಒಂದಲ್ಲ ಒಂದು 'ಭವನ'ದಲ್ಲಿ ಕಡತ ನೋಡುತ್ತಿದ್ದವರೇ. ಒಬ್ಬನ ಮನೆಯವರು ಧಾರವಾಡದ ಕಡೆಯವರು. ಒಬ್ಬನದು ಉಡುಪಿ, ಒಬ್ಬನದು ಮೈಸೂರು, ಮತ್ತೊಬ್ಬನದು ತುಮಕೂರು. ಹೀಗಾಗಿ ನಾಲ್ವರು ಸೇರಿದರೆ ನಾಲ್ಕು ಕನ್ನಡ. ಒಬ್ಬ 'ಹೋಗೋಣು' ಎಂದರೆ ಇನ್ನೊಬ್ಬ 'ಹೋಗುವ' ಎನ್ನುತ್ತಿದ್ದ. ಅದನ್ನು ಕೇಳಿ ಮಿಕ್ಕಿಬ್ಬರು ನಗುತ್ತಿದ್ದರು. ಈ ಪೇಚಾಟವೇ ಬೇಡವೆಂದು ಹಿಂದಿಯಲ್ಲಿ ಜಗಳವಾಡಿ ಇಂಗ್ಲಿಷಿನಲ್ಲಿ ರಾಜಿಯಾಗುತ್ತಿದ್ದೆವು. ಕನ್ನಡವೆಂಬುದು ಮನೆಯೊಳಗಿನ ಮಾತು, ಹಿರಿಯರ ಸೊತ್ತು. ಸಂಘದ ಸಮಾರಂಭಗಳಿಗೆ ಹೋದಾಗ ಇಸ್ತ್ರಿ ಮಾಡಿದ ಅಂಗಿಯಂತೆ ಹಾಕಿಕೊಳ್ಳತಕ್ಕದ್ದು ಎಂಬುದು ನಮ್ಮ ಭಾವನೆಯಾಗಿತ್ತು.

ಇಂತಹ ನಾವು 1997ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಒಂದು ರಾಕ್ ಸಂಗೀತದ ತಂಡ ಕಟ್ಟಿದೆವು. ತಂಡದ ಹೆಸರು ಮೂರು ವರ್ಷಗಳಲ್ಲಿ ಐದು ಸಲ ಬದಲಾಯಿತು. ಅವುಗಳಲ್ಲಿ ಒಂದನ್ನೂ ಇಲ್ಲಿ ಬರೆಯುವುದಿಲ್ಲ. ನಮಗೂ ಈಗ ಮಕ್ಕಳಿದ್ದಾರೆ, ಅವರು ಓದಿಬಿಟ್ಟಾರು.

'ಗ್ಯಾರೇಜ್ ರಾಕ್' ಎಂಬ ಮಾತು ಆಗ ನಮಗೆ ಗೊತ್ತಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಹೈಸ್ಕೂಲು ಹುಡುಗರು ಅಪ್ಪನ ಕಾರನ್ನು ಬೀದಿಯಲ್ಲಿ ನಿಲ್ಲಿಸಿ, ಗ್ಯಾರೇಜಿನಲ್ಲಿ ಗಿಟಾರು ಡ್ರಮ್ಮುಗಳನ್ನಿಟ್ಟುಕೊಂಡು, ತಮಗೆ ಗೊತ್ತಿದ್ದ ಮೂರೇ ಮೂರು ಹಿಡಿತಗಳಲ್ಲಿ ಇಡೀ ಹಾಡನ್ನು ಮುಗಿಸುತ್ತಿದ್ದರಂತೆ. ಆ ಸಂಗೀತಕ್ಕೆ ಮುಂದೆ ಈ ಹೆಸರು ಬಂತು. ಅವರಲ್ಲಿ 'ಕಿಂಗ್ಸ್‌ಮೆನ್' ಎಂಬ ಒಂದು ತಂಡ 1963ರಲ್ಲಿ 'ಲೂಯಿ ಲೂಯಿ' ಎಂಬ ಹಾಡನ್ನು ಮುದ್ರಿಸಿತು. ಹಾಡಿದವನ ಉಚ್ಚಾರ ಯಾರಿಗೂ ತಿಳಿಯದೆ, ಅದರಲ್ಲಿ ಅಶ್ಲೀಲವಿದೆಯೆಂದು ದೂರು ಹೋಯಿತು. ಅಮೆರಿಕದ ಎಫ್.ಬಿ.ಐ. ತನಿಖೆ ನಡೆಸಿ, ಗಾನಮುದ್ರಿಕೆಯನ್ನು ಬೇರೆಬೇರೆ ವೇಗದಲ್ಲಿ ತಿರುಗಿಸಿ ಕೇಳಿ, ಕೊನೆಗೆ ಇವರು ಏನು ಹಾಡುತ್ತಿದ್ದಾರೆಂಬುದೇ ಅರ್ಥವಾಗುವುದಿಲ್ಲ ಎಂಬ ಭಾವದ ಷರಾ ಬರೆದು ಕಡತ ಮುಚ್ಚಿತು. ಹುಡುಗರ ಗದ್ದಲಕ್ಕೂ ಸರ್ಕಾರಿ ಕಡತಕ್ಕೂ ಇರುವ ನಂಟು ಇಷ್ಟು ಹಳೆಯದೆಂದು ತಿಳಿದಾಗ ನಮಗೆ ಒಳಗೊಳಗೇ ಸಂತೋಷವಾಯಿತು. ಏಕೆಂದರೆ ನಮ್ಮ ಕಥೆಯೂ ಒಂದು ಕಡತದಲ್ಲಿಯೇ ಮುಗಿಯಿತು.

ಮೊದಲು ವಾದ್ಯಗಳ ವಿಚಾರ. ಐದನೆಯ ವೇತನ ಆಯೋಗದ ಶಿಫಾರಸುಗಳು 1997ರಲ್ಲಿ ಜಾರಿಗೆ ಬಂದು, 1996ರ ಜನವರಿಯಿಂದ ಲೆಕ್ಕ ಹಾಕಿದ ಬಾಕಿ ಹಣ ನೌಕರರ ಕೈಸೇರಿತು. ಆ ವರ್ಷ ನಮ್ಮ ಬ್ಲಾಕಿನಲ್ಲಿ ಕೆಲವರ ಮನೆಗೆ ಫ್ರಿಜ್ಜು ಬಂತು, ಕೆಲವರ ಮನೆಗೆ ಬಣ್ಣದ ಟಿ.ವಿ. ಬಂತು. ಉಡುಪಿಯವನ ಮನೆಗೆ, ಮೂರು ದಿನ ಅನ್ನ ಬಿಟ್ಟದ್ದರ ಫಲವಾಗಿ, ದರಿಯಾಗಂಜಿನ ಅಂಗಡಿಯಿಂದ ಕಲ್ಕತ್ತೆಯ 'ಗಿವ್ಸನ್' ಗಿಟಾರು ಬಂತು. ಮೈಸೂರಿನವನ ತಾಯಿಗೆ ಪಿಟೀಲು ಬರುತ್ತಿತ್ತು; ಮಗನಿಗೂ ಕಲಿಸಬೇಕೆಂದು ಹೊರಟು ಸೋತು, ಒಂದು ಸಣ್ಣ ಕ್ಯಾಸಿಯೋ ಕೊಡಿಸಿದ್ದರು. ಧಾರವಾಡದವ ಮೊದಲು ಡಾಲ್ಡಾ ಡಬ್ಬಗಳನ್ನು ಬಡಿದ. ಆಮೇಲೆ ಮದುವೆಯ ಬ್ಯಾಂಡಿನವನೊಬ್ಬನಿಂದ ಹಳೆಯ ಡ್ರಮ್ಮುಗಳನ್ನು ಕೊಂಡ. ಏನೂ ನುಡಿಸಲು ಬಾರದವನು ಹಾಡುಗಾರನಾದ. ಈ ಲೇಖನಿ ಅವನದೇ.

ವಾದ್ಯಗಳಾದವು, ಸ್ಥಳವಿಲ್ಲ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಜ್ಜಿಯ ಜಪ, ಅಕ್ಕನ ಓದು, ಅಮ್ಮನ ಕುಕ್ಕರು ಎಲ್ಲವೂ ಇರುವಾಗ ಡ್ರಮ್ಮನ್ನು ಎಲ್ಲಿಡುವುದು? ಆಗ ಧಾರವಾಡದವನ ತಂದೆ, ಕೇಳದೆಯೇ, ತಮ್ಮ ಹೆಸರಿಗೆ ಮಂಜೂರಾಗಿದ್ದ ಸ್ಕೂಟರ್ ಗ್ಯಾರೇಜಿನ ಬೀಗದ ಕೈಯನ್ನು ಮಗನ ಕೈಯಲ್ಲಿಟ್ಟರು. ಅವರನ್ನು ನಾವೆಲ್ಲರೂ ಆ ಕಡೆಯ ವಾಡಿಕೆಯಂತೆ 'ಕಾಕಾ' ಎನ್ನುತ್ತಿದ್ದೆವು. ಬ್ಲಾಕಿನ ಕೊನೆಯಲ್ಲಿ ಸಾಲಾಗಿದ್ದ ಗ್ಯಾರೇಜುಗಳಲ್ಲಿ ಅದೂ ಒಂದು. ಒಂದು ಸ್ಕೂಟರು ನಿಂತರೆ ಪಕ್ಕದಲ್ಲಿ ಒಬ್ಬ ಮನುಷ್ಯ ಓರೆಯಾಗಿ ನಿಲ್ಲಬಹುದಾದಷ್ಟು ಜಾಗ. ಡ್ರಮ್ಮು, ಕ್ಯಾಸಿಯೋ, ಗಿಟಾರು ಒಳಗೆ ಸೇರಿದ ಮೇಲೆ ಹಾಡುಗಾರನಿಗೆ ಹೊಸಿಲ ಹೊರಗೇ ಸ್ಥಾನ. ಜೂನ್ ತಿಂಗಳ ಸಂಜೆಗಳಲ್ಲಿ ತಗಡಿನ ಬಾಗಿಲು ಬಾಣಲೆಯಂತೆ ಕಾದಿರುತ್ತಿತ್ತು. ಆದರೂ ಸಂಜೆ ಆರರಿಂದ ಎಂಟರವರೆಗೆ ಅದು ನಮ್ಮ ವೈಕುಂಠ.

ಕಾಕಾ ಅವರ ಬಜಾಜ್ ಚೇತಕ್ ಸ್ಕೂಟರು ಅಂದಿನಿಂದ ಬೇವಿನ ಮರದ ಕೆಳಗೆ ನಿಂತಿತು. "ನಿಮ್ಮ ಗಾಡಿ ಬಿಸಿಲಲ್ಲಿ ನಿಂತಿದೆಯಲ್ಲಾ ಕಾಕಾ" ಎಂದು ಒಮ್ಮೆ ಕೇಳಿದೆವು. "ಇರಲಿ ಬಿಡ್ರಪಾ, ಅದಕ್ಕೂ ಒಂದಷ್ಟು ಗಾಳಿ ಬೇಕು" ಎಂದರು. ನಾವು ನಂಬಿದೆವು. ಹದಿನೈದು ವರ್ಷದ ಹುಡುಗರಿಗೆ ತಮಗೆ ಅನುಕೂಲವಾದ ಮಾತನ್ನು ನಂಬುವುದು ಬಹಳ ಸುಲಭ.

ಮಿಕ್ಕ ಮೂವರ ಮನೆಗಳಲ್ಲಿ ವಿರೋಧವಿತ್ತು. ಅದನ್ನು ಗೆಲ್ಲಲು ನಮಗೊಂದು ಅಸ್ತ್ರ ದೊರಕಿತು. ದೆಹಲಿಯಲ್ಲಿ 1990ರಲ್ಲಿ ಸುಸ್ಮಿತ್ ಸೇನ್ ಮತ್ತು ಅಶೀಮ್ ಚಕ್ರವರ್ತಿ ಸೇರಿ 'ಇಂಡಿಯನ್ ಓಶನ್' ಎಂಬ ತಂಡ ಕಟ್ಟಿದ್ದರು. ಮಾರನೆಯ ವರ್ಷ ಅದಕ್ಕೆ ರಾಹುಲ್ ರಾಮ್ ಸೇರಿದರು. ಈ ರಾಹುಲ್ ರಾಮ್ ಯಾರೆಂದು ವಿಚಾರಿಸಿದರೆ, ದೆಹಲಿ ವಿಶ್ವವಿದ್ಯಾನಿಲಯದ ಹೆಸರಾಂತ ಸಸ್ಯವಿಜ್ಞಾನಿ ಎಚ್.ವೈ. ಮೋಹನರಾಮ್ ಅವರ ಪುತ್ರ! ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ, ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದ ಎಚ್.ವೈ. ಶಾರದಾಪ್ರಸಾದರ ತಮ್ಮನ ಮಗ! ದೆಹಲಿಯ ಕನ್ನಡಿಗರ ಮನೆಗಳಲ್ಲಿ ಶಾರದಾಪ್ರಸಾದರ ಹೆಸರಿಗಿಂತ ದೊಡ್ಡ ಪ್ರಮಾಣಪತ್ರ ಯಾವುದಿದ್ದೀತು? "ಅಂಥವರ ಮನೆಯ ಹುಡುಗನೇ ಕೂದಲು ಬಿಟ್ಟು ಗಿಟಾರು ಬಾರಿಸಬಹುದಾದರೆ ನಾವೇಕೆ ಬಾರಿಸಬಾರದು?" ಎಂದು ಮನೆಮನೆಯಲ್ಲೂ ವಾದ ಹೂಡಿದೆವು. ಆದರೆ ಅಸ್ತ್ರ ತಿರುಗಿ ನಮಗೇ ತಗುಲಿತು. ಮೈಸೂರಿನವನ ತಂದೆ ವಿಚಾರಿಸಿಕೊಂಡು ಬಂದು, "ಆತ ಕಾರ್ನೆಲ್‌ನಲ್ಲಿ ಪಿಎಚ್.ಡಿ. ಮಾಡಿದವರು. ನೀನೂ ಮೊದಲು ಅದನ್ನು ಮುಗಿಸು, ಆಮೇಲೆ ಎಷ್ಟು ಬೇಕಾದರೂ ಕೂದಲು ಬಿಡು" ಎಂದುಬಿಟ್ಟರು.

ಒಮ್ಮೆ ಆ ತಂಡದ ಕಛೇರಿ ಕೇಳಲು ನಾಲ್ವರೂ ಬಸ್ಸಿನಲ್ಲಿ ಹೋದೆವು. ಅಲ್ಲಿ ನಮ್ಮ ಕಣ್ಣು ತೆರೆಯಿತು. ನಾವು ಅಮೆರಿಕದ ಹುಡುಗರ ಮೂಗಿನ ದನಿಯನ್ನು ಅಣಕಿಸುತ್ತಿದ್ದರೆ, ಇವರು ಗಿಟಾರಿನ ಜತೆ ತಬಲಾ ಬಾರಿಸಿ ಈ ನಾಡಿನ ದನಿಯಲ್ಲೇ ಹಾಡುತ್ತಿದ್ದರು. ಅವರು ಅಭ್ಯಾಸ ಮಾಡುತ್ತಿದ್ದುದು ಕರೋಲ್‌ಬಾಗಿನ ಖಜೂರ್ ರಸ್ತೆಯ ಒಂದು ಹಳೆಯ ಮನೆಯಲ್ಲಿ. ಆ ಮನೆಯ ಋಣ ತೀರಿಸಲೋ ಎಂಬಂತೆ 2010ರಲ್ಲಿ ಬಂದ ತಮ್ಮ ಒಂದು ಧ್ವನಿಸಂಪುಟಕ್ಕೆ '16/330 ಖಜೂರ್ ರೋಡ್' ಎಂದು ಅದರ ವಿಳಾಸವನ್ನೇ ಹೆಸರಾಗಿಟ್ಟರು. ಹಾಡಿಗೆ ಕಂಠ ಎಷ್ಟು ಮುಖ್ಯವೋ ಗೋಡೆಯೂ ಅಷ್ಟೇ ಮುಖ್ಯವೆಂಬುದು ನಮಗೆ ಗೊತ್ತು.

ನಮ್ಮ ಗೋಡೆಗೆ ಬೇಗನೆ ಕುತ್ತು ಬರುವುದಿತ್ತು. ಕಾಕಾ ಅವರಿಗೆ 1998ರ ಮೇ 31ಕ್ಕೆ ಐವತ್ತೆಂಟು ತುಂಬಿ ನಿವೃತ್ತಿ. ನಿವೃತ್ತಿಯಾದ ಕೆಲವು ತಿಂಗಳಲ್ಲಿ ಕ್ವಾರ್ಟರ್ಸು ಬಿಡಬೇಕು, ಕ್ವಾರ್ಟರ್ಸಿನೊಂದಿಗೆ ಗ್ಯಾರೇಜೂ ಹೋಗುತ್ತದೆ. ಹುಬ್ಬಳ್ಳಿಯ ಮನೆಯ ಬಾಡಿಗೆದಾರನಿಗೆ ಬಿಡಲು ಹೇಳಿಯಾಗಿತ್ತು. ಅಷ್ಟರಲ್ಲಿ, ಅದೇ ಮೇ ತಿಂಗಳಲ್ಲಿ, ಕೇಂದ್ರ ಸರ್ಕಾರ ನಿವೃತ್ತಿಯ ವಯಸ್ಸನ್ನು ಅರವತ್ತಕ್ಕೆ ಏರಿಸಿತು. ಪೊಖರಾನಿನಲ್ಲಿ ಅಣುಬಾಂಬಿನ ಪರೀಕ್ಷೆ ನಡೆದ ತಿಂಗಳೂ ಅದೇ. ದೇಶವೆಲ್ಲ ಬಾಂಬಿನ ಮಾತಾಡುತ್ತಿದ್ದರೆ ನಮ್ಮ ಗ್ಯಾರೇಜಿನಲ್ಲಿ ನಿವೃತ್ತಿಯ ಆದೇಶಕ್ಕೆ ಲಾಡು ಹಂಚಿದೆವು. ಊರಿಗೆ ಹೋಗುವ ಆಸೆಯಲ್ಲಿದ್ದ ಕಾಕಾ ಮಾತ್ರ, "ನಾ ಹೋಗತೀನಂದ್ರ ಸರ್ಕಾರ ಬಿಡವಲ್ದು" ಎಂದು ಗೊಣಗಿದರು. ಆದರೂ ಲಾಡು ತಿಂದರು.

ಇಂಡಿಯನ್ ಓಶನ್ ಕೇಳಿ ಬಂದ ಮೇಲೆ ನಮಗೂ ನಮ್ಮದೇ ಒಂದು ಹಾಡು ಬೇಕೆನಿಸಿತ್ತು. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ 1990ರಲ್ಲಿ ಬಂದ ಮೇಲೆ, ಸಿ. ಅಶ್ವತ್ಥರು ಸಂಯೋಜಿಸಿದ ಆ ಪದಗಳ ಕ್ಯಾಸೆಟ್ಟು ನಾಲ್ವರ ಮನೆಗಳಲ್ಲಿಯೂ ಇತ್ತು. ಅದರಿಂದ ಒಂದು ತತ್ವಪದ ಆರಿಸಿಕೊಂಡು, ನಮ್ಮ ಮೂರು ಹಿಡಿತಗಳಿಗೆ ಹೊಂದಿಸಿ, ಡ್ರಮ್ಮಿನ ವೇಗ ಹೆಚ್ಚಿಸಿ ಬಾರಿಸತೊಡಗಿದೆವು. ನಾಲ್ಕನೆಯ ದಿನ ಕಾಕಾ ಆಫೀಸಿನಿಂದ ಬಂದವರು ನೇರವಾಗಿ ಗ್ಯಾರೇಜಿನ ಬಳಿ ಬಂದು ನಿಂತರು. ಬೈಗುಳಕ್ಕೆ ಸಿದ್ಧರಾದೆವು.

"ಲೇ ತಮ್ಮಾ, ಗದ್ದಲ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಶರೀಫಜ್ಜನ ಮಾತು ಯಾಕ ಮುರೀತೀರಿ?"

ಅವರ ಹುಟ್ಟೂರು ಶಿಗ್ಗಾಂವಿಯ ಹತ್ತಿರ, ಶಿಶುನಾಳಕ್ಕೆ ಬಹಳ ದೂರವಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರ ಪದಗಳನ್ನು ಅವರು ಕ್ಯಾಸೆಟ್ಟಿನಿಂದ ಕಲಿತವರಲ್ಲ, ಅಜ್ಜನ ತೊಡೆಯ ಮೇಲೆ ಕಲಿತವರು. ಮನೆಯಿಂದ ಒಂದು ಸ್ಟೂಲು ತರಿಸಿ ಬಾಗಿಲ ಬಳಿ ಹಾಕಿಕೊಂಡು ಕುಳಿತರು. ಯಾವ ಅಕ್ಷರ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು, ಮೇಲಿನ ಮಾತಿನ ಕೆಳಗೆ ಅಡಗಿರುವ ಅರ್ಥವೇನು, ಮುಸಲ್ಮಾನ ಶಿಷ್ಯನಿಗೂ ಬ್ರಾಹ್ಮಣ ಗುರು ಗೋವಿಂದಭಟ್ಟರಿಗೂ ಇದ್ದ ಬಾಂಧವ್ಯವೆಂಥದು ಎಂದು ಒಂದು ಗಂಟೆ ಹೇಳಿದರು. ತುಮಕೂರಿನ ನಾಲಿಗೆಗೆ ಶಿಗ್ಗಾಂವಿಯ ಕನ್ನಡ ಹೊರಳಲು ಹದಿನೈದು ದಿನ ಬೇಕಾಯಿತು. ಆ ಹದಿನೈದು ದಿನವೂ ಸ್ಟೂಲು ಅಲ್ಲಿಯೇ ಇತ್ತು, ಆಮೇಲೂ ಇತ್ತು. ಕಾಕು ಚುರುಮುರಿಯ ಡಬ್ಬಿ ಕಳಿಸತೊಡಗಿದರು. ಗ್ಯಾರೇಜಿನಲ್ಲಿ ಹಿಂದಿಯ ಜಗಳಗಳೂ ಇಂಗ್ಲಿಷಿನ ರಾಜಿಗಳೂ ತಾವಾಗಿ ನಿಂತುಹೋದವು. ನಾವು ಕನ್ನಡದಲ್ಲಿಯೇ ಜಗಳವಾಡಲು ಕಲಿತದ್ದು ಆಗ.

1999ರ ಸೆಪ್ಟೆಂಬರಿನಲ್ಲಿ ಬ್ಲಾಕಿನ ಗಣೇಶೋತ್ಸವದ ಪೆಂಡಾಲಿನಲ್ಲಿ ಮೊದಲ ಸಲ ವೇದಿಕೆ ಹತ್ತಿದೆವು. ಮೊದಲಿನ ಎರಡು ಇಂಗ್ಲಿಷ್ ಹಾಡುಗಳಿಗೆ ಹೆಂಗಸರು ಕಿವಿ ಮುಚ್ಚಿಕೊಂಡರು; ಮಕ್ಕಳು ಮಾತ್ರ ಕುಣಿದರು. ಮೂರನೆಯದು ಶರೀಫರ ಪದ. ಎರಡನೆಯ ಸಾಲಿಗೆ ಹಿಂದಿನ ಕುರ್ಚಿಗಳಿಂದ ಯಾರೋ ಚಪ್ಪಾಳೆಯ ತಾಳ ಹಾಕಿದರು, ಆಮೇಲೆ ಇಡೀ ಪೆಂಡಾಲು ಹಾಕಿತು. ಪಂಜಾಬಿ ನೆರೆಯವರೊಬ್ಬರು ಅರ್ಥ ಕೇಳಿದರು. ಕಾಕಾ ಹಿಂದಿಯಲ್ಲಿ ವಿವರಿಸುತ್ತಿದ್ದುದನ್ನು ವೇದಿಕೆಯಿಂದಲೇ ಕಂಡೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಅದಾದ ನಾಲ್ಕು ತಿಂಗಳಿಗೆ, 2000ದ ಜನವರಿಯ ಒಂದು ಮಂಜಿನ ಸಂಜೆ, ಕಾಕಾ ಗ್ಯಾರೇಜಿಗೆ ಬಂದು, "ನಾಳಿಂದ ಇದು ಬಂದ್. ಸಾಮಾನು ತಗೊಂಡು ಹೋಗ್ರಿ. ಪರೀಕ್ಷಾ ಬಂತು, ಓದ್ರಿ" ಎಂದರು. ನಮಗೆ ಸಿಡಿಲೆರಗಿದಂತಾಯಿತು. ಫೆಬ್ರವರಿಯಲ್ಲಿ ಒಂದು ಕಾಲೇಜಿನ ಉತ್ಸವದಲ್ಲಿ ಸ್ಪರ್ಧೆಯಿತ್ತು, ಹೆಸರು ಕೊಟ್ಟಾಗಿತ್ತು. ಬೇಡಿದೆವು, ಅತ್ತೆವು. ಅವರು ಕಾರಣ ಹೇಳಲಿಲ್ಲ. ಸ್ಟೂಲನ್ನು ಎತ್ತಿಕೊಂಡು ಹೊರಟುಹೋದರು.

ಆಗ ನಾವು ಆಡಿದ ಮಾತುಗಳನ್ನು ನೆನೆದರೆ ಈಗ ತಲೆ ತಗ್ಗುತ್ತದೆ. 'ಮುದುಕನಿಗೆ ಸ್ಕೂಟರಿನ ಚಿಂತೆ' ಎಂದೆವು. 'ಮಗ ನಮ್ಮ ಸಹವಾಸದಲ್ಲಿ ಕೆಡುತ್ತಾನೆಂದು ಹೀಗೆ ಮಾಡಿದರು' ಎಂದೆವು. ಇದನ್ನು ಅವರ ಮಗನ ಎದುರಿಗೇ ಅಂದೆವು. ಅವನಿಗೂ ಕಾರಣ ಗೊತ್ತಿರಲಿಲ್ಲ. ಉತ್ತರ ಕೊಡಲಾರದೆ ಎದ್ದುಹೋದ. ಸ್ಪರ್ಧೆಗೆ ಹೋಗಲಿಲ್ಲ, ತಂಡ ಮುರಿಯಿತು, ಉಡುಪಿಯವ ಅವನೊಡನೆ ಮಾತು ಬಿಟ್ಟ. ಆ ವರ್ಷ ಮೇ 31ರಂದು ಕಾಕಾ ನಿವೃತ್ತರಾದರು. ಅವರು ನಿಜಾಮುದ್ದೀನಿನಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದ ದಿನ ಬೀಳ್ಕೊಡಲು ಹೋದವನು ನಮ್ಮಲ್ಲಿ ಮೈಸೂರಿನವನೊಬ್ಬನೇ.

ಆಮೇಲೆ ಎಲ್ಲರೂ ಅವರವರ ದಾರಿ ಹಿಡಿದರು. ಹಾಡುಗಾರ ಬಿ.ಎಸ್ಸಿ. ಮುಗಿಸಿ, ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆ ಬರೆದು, ಅಪ್ಪನಂತೆಯೇ ಕಡತದ ಮುಂದೆ ಕುಳಿತ. ಉಡುಪಿಯವ ಗುರುಗ್ರಾಮದ ಕಂಪನಿ ಸೇರಿದ, ಮೈಸೂರಿನವ ಅಮೆರಿಕ ಸೇರಿದ. ಮೈಸೂರಿನ ರಘು ದೀಕ್ಷಿತ್ 2008ರಲ್ಲಿ ತಮ್ಮ ಮೊದಲ ಧ್ವನಿಸಂಪುಟದಲ್ಲಿ ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿ ಹೆಸರಾದಾಗ ಮಾತ್ರ, ಎಂಟು ವರ್ಷ ಬಿಟ್ಟಿದ್ದ ಪತ್ರವ್ಯವಹಾರ ನಾಲ್ವರಲ್ಲಿ ಮತ್ತೆ ಶುರುವಾಯಿತು. 'ಅವರಿಗಿಂತ ಮೊದಲು ನಾವು' ಎಂದು ಹೆಮ್ಮೆಪಟ್ಟೆವು. ಅವರಿಗೆ ಅದು ಬರುತ್ತದೆ, ನಮಗೆ ಬರುತ್ತಿರಲಿಲ್ಲ ಎಂಬ ಸಣ್ಣ ವ್ಯತ್ಯಾಸವನ್ನು ಪರಸ್ಪರ ಮುಚ್ಚಿಟ್ಟೆವು. ಗ್ಯಾರೇಜು ಮುಚ್ಚಿದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

2023ರಲ್ಲಿ ಕಾಕಾ ತೀರಿಕೊಂಡರು. ಎಂಬತ್ತಮೂರು ವರ್ಷ. ವೈಕುಂಠ ಸಮಾರಾಧನೆಗೆ ಮೂವರೂ ಹುಬ್ಬಳ್ಳಿಗೆ ಹೋದೆವು. ಊಟವಾದ ಮೇಲೆ ಮಗ ಒಂದು ಹಳೆಯ ಕಡತವನ್ನು ತಂದು ನಮ್ಮ ಮುಂದಿಟ್ಟ. ಪಿಂಚಣಿಯ ಕಾಗದಗಳನ್ನು ಹುಡುಕುವಾಗ ಸಿಕ್ಕಿದ್ದಂತೆ. ಪುಟಗಳಿಗೆ ಸಂಖ್ಯೆ ಹಾಕಿ, ಟ್ಯಾಗು ಕಟ್ಟಿ, ಸೊಗಸಾಗಿ ಇಟ್ಟಿದ್ದ ಕಡತ.

ಮೊದಲ ಪುಟ, 1999ರ ಅಕ್ಟೋಬರಿನ ಒಂದು ನೋಟೀಸು. ಮಂಜೂರಾದ ಗ್ಯಾರೇಜನ್ನು ಅನ್ಯ ಉದ್ದೇಶಕ್ಕೆ ಬಳಸುತ್ತಿರುವುದಾಗಿ ದೂರು ಬಂದಿದೆ, ಸಮಜಾಯಿಷಿ ಕೊಡತಕ್ಕದ್ದು. ಎರಡನೆಯ ಪುಟ, ಪೆನ್ಸಿಲಿನಲ್ಲಿ ಬರೆದ ಉತ್ತರದ ಕರಡು: ಗ್ಯಾರೇಜಿನಲ್ಲಿ ಸ್ಕೂಟರಿನ ಹೊರತು ಬೇರೇನೂ ಇಲ್ಲ. ಆ ಸಾಲಿನ ಮೇಲೆ ಅಡ್ಡಗೆರೆ. ಮೂರನೆಯ ಪುಟ, ಕಳಿಸಿದ ಉತ್ತರದ ಕಾರ್ಬನ್ ಪ್ರತಿ: ಸಂಜೆ 6ರಿಂದ 8ರವರೆಗೆ ನನ್ನ ಮಗನೂ ಅವನ ಮೂವರು ಗೆಳೆಯರೂ ಅಲ್ಲಿ ಸಂಗೀತಾಭ್ಯಾಸ ಮಾಡುವುದು ನಿಜ. ಇದರಿಂದ ಯಾವ ಆದಾಯವೂ ಇಲ್ಲ. ಅವರು ನಮ್ಮ ಭಾಗದ ಸಂತರೊಬ್ಬರ ಪದಗಳನ್ನು ಕಲಿಯುತ್ತಿದ್ದಾರೆ. ಫೆಬ್ರವರಿಯ ಕೊನೆಯವರೆಗೆ ಅವಕಾಶ ಕೊಡಬೇಕಾಗಿ ಪ್ರಾರ್ಥನೆ. ಡಿಸೆಂಬರಿನಲ್ಲಿ ಎರಡನೆಯ ನೋಟೀಸು. ಅದಕ್ಕೆ ಮತ್ತೊಂದು ಪ್ರಾರ್ಥನೆ. ಕೊನೆಯ ಪುಟ, ಜನವರಿಯಲ್ಲಿ ಗ್ಯಾರೇಜನ್ನು ಸ್ವಇಚ್ಛೆಯಿಂದ ಹಿಂದಿರುಗಿಸಿದ ಪತ್ರ.

ಈ ಕಾಗದಗಳ ಬೆಲೆ ಬೇರೆಯವರಿಗಿಂತ ಗುಮಾಸ್ತನಿಗೆ ಹೆಚ್ಚು ತಿಳಿಯುತ್ತದೆ. ನಿವೃತ್ತನಾಗುವ ನೌಕರ ತಾನಿದ್ದ ಸರ್ಕಾರಿ ವಸತಿಯ ಬಾಕಿ ಏನೂ ಇಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು. ಅದು ಬರುವವರೆಗೆ ಗ್ರಾಚ್ಯುಯಿಟಿಯಲ್ಲಿ ಒಂದು ಭಾಗ ತಡೆಯಲ್ಪಡುತ್ತದೆ. ದುರುಪಯೋಗವೆಂದು ದಾಖಲಾದರೆ ದಂಡವೂ ಬೀಳಬಹುದು, ಮನೆಯ ಮಂಜೂರಾತಿಯೇ ರದ್ದಾಗಬಹುದು. ನಿವೃತ್ತಿಗೆ ಏಳೆಂಟು ತಿಂಗಳಿರುವ ಮನುಷ್ಯ ಮಾಡಬೇಕಾದ ಕೆಲಸ ಬಹಳ ಸುಲಭವಿತ್ತು: ತನಿಖೆಯ ದಿನ ಸ್ಕೂಟರನ್ನು ಒಳಗೆ ನಿಲ್ಲಿಸಿ, ಪೆನ್ಸಿಲಿನ ಕರಡನ್ನೇ ಶಾಯಿಯಲ್ಲಿ ಬರೆದು ಕಳಿಸಿಬಿಡುವುದು. ಅವರು ಸುಳ್ಳನ್ನು ಹೊಡೆದುಹಾಕಿ ನಮಗಾಗಿ ಮೂರು ತಿಂಗಳು ಪ್ರಾರ್ಥಿಸಿದರು. ಆಗದಿದ್ದಾಗ ಬೀಗದ ಕೈ ಹಿಂದಿರುಗಿಸಿದರು. ನಮಗೆ ಹೇಳಿದ್ದರೆ ನಾವು ಓದು ಬಿಟ್ಟು ದೂರು ಕೊಟ್ಟವರ ಮನೆಯ ಮುಂದೆ ಡ್ರಮ್ಮು ಬಾರಿಸುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು. ಆದ್ದರಿಂದ ನಮ್ಮ ಸಿಟ್ಟನ್ನು ತಾವೇ ಇಟ್ಟುಕೊಂಡರು, ಇಪ್ಪತ್ತಮೂರು ವರ್ಷ.

ಉಡುಪಿಯವ ಕಡತವನ್ನು ಮುಚ್ಚಿ, ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದ. ಅಲ್ಲಿ ತಗಡಿನ ಮಾಡಿನ ಕೆಳಗೆ ಆ ಚೇತಕ್ ಸ್ಕೂಟರು ಇನ್ನೂ ಇತ್ತು. ದೆಹಲಿಯ ಬಿಸಿಲಿಗೆ ಸೀಟು ಬಿರಿದು, ಯಾರೋ ಹೊಲಿದ ಗುರುತು ಹಾಗೆಯೇ ಇತ್ತು.

ಆತನ ಮಗಳು ಈಗ ಗುರುಗ್ರಾಮದ ಫ್ಲ್ಯಾಟಿನಲ್ಲಿ ಬಾಸ್ ಗಿಟಾರು ಕಲಿಯುತ್ತಿದ್ದಾಳೆ. ಗ್ಯಾರೇಜು ಬೇಕಿಲ್ಲ, ದನಿಯೆಲ್ಲ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನೊಳಗೇ ಇರುತ್ತದೆ. ನೆರೆಯವರು ದೂರು ಕೊಡುವಂತಿಲ್ಲ, ನೋಟೀಸು ಬರುವಂತಿಲ್ಲ. ಆದರೆ ಅವಳು ಯಾವುದಾದರೂ ಮಾತನ್ನು ಮುರಿದರೆ ಬಾಗಿಲಿಗೆ ಬಂದು ತಿದ್ದುವವರಿಗೂ ಅದು ಕೇಳಿಸುವುದಿಲ್ಲ.

ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಮನೆಯಲ್ಲೋ ನಿಮ್ಮ ಸಂಘದಲ್ಲೋ ಬಳಸದ ಕೋಣೆ ಒಂದಿದ್ದರೆ, ಅದರ ಬೀಗದ ಕೈಯನ್ನು ಮಕ್ಕಳಿಗೆ ಕೊಟ್ಟು ನೋಡಿ. ಅವರು ಏನು ಹಾಡುತ್ತಾರೆಂದು ಮೊದಲೇ ವಿಚಾರಿಸಬೇಡಿ. ಬಾಗಿಲ ಬಳಿ ಒಂದು ಸ್ಟೂಲು ಹಾಕಿಕೊಂಡು ಸ್ವಲ್ಪ ಹೊತ್ತು ಕುಳಿತಿರಿ, ಸಾಕು.